ಕೈಟೋಸಾನ್: ಸಿಗಡಿ ಚಿಪ್ಪಿನ ಸೂಕ್ಷ್ಮಾಣುರೋಧಕ

ಸಿಗಡಿ, ಏಡಿಗಳ ಚಿಪ್ಪಿನಲ್ಲಿರುವ ಕೈಟಿನ್‌ನಿಂದ ತಯಾರಾಗುವ, ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳ ಬೆಳವಣಿಗೆಯನ್ನು ತಡೆಯಬಲ್ಲ ಪಾಲಿಸ್ಯಾಕರೈಡ್. ಕುಂದಾಪುರ ತಾಲ್ಲೂಕಿನ ಗುಲ್ವಾಡಿಯ ಕಡೆ ಚಟ್ಲಿ (ಸಿಗಡಿ) ಸುಲಿದು ಎಸೆಯುವ ತಲೆ, ಸಿಪ್ಪೆಗಳೇ ಇದರ ಕಚ್ಚಾವಸ್ತು. ಸಿಗಡಿಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಹೀಗೆ ಕಸಕ್ಕೆ ಹೋಗುತ್ತದೆ.

ಕೈಟಿನ್ ಮೊದಲು ಸಿಕ್ಕಿದ್ದು ಸಿಗಡಿಯಲ್ಲಲ್ಲ, ಅಣಬೆಯಲ್ಲಿ. ಫ್ರಾನ್ಸ್‌ನ ಆನ್ರಿ ಬ್ರಾಕೊನೊ 1811ರಲ್ಲಿ ಅದನ್ನು ಬೇರ್ಪಡಿಸಿದ. 1823ರಲ್ಲಿ ಓಗುಸ್ತ್ ಒಡಿಯೆ ಕೀಟಗಳ ಕವಚದಲ್ಲಿ ಕಂಡು ಹೆಸರಿಟ್ಟ. 1859ರಲ್ಲಿ ಶಾರ್ಲ್ ರೂಜೆ ಅದನ್ನು ಗಾಢ ಕ್ಷಾರದಲ್ಲಿ ಕುದಿಸಿದಾಗ ಆಮ್ಲದಲ್ಲಿ ಕರಗುವ ಹೊಸ ವಸ್ತು ದೊರೆಯಿತು. ಅದಕ್ಕೆ ಕೈಟೋಸಾನ್ ಎಂಬ ಹೆಸರನ್ನು ಕೊಟ್ಟವನು ಜರ್ಮನಿಯ ಹೊಪ್ಪೆ-ಸೈಲರ್, 1894ರಲ್ಲಿ.

ಭಾರತದಲ್ಲಿ ಇದಕ್ಕೆ ದಾರಿ ಮಾಡಿದ್ದು ಸಿಗಡಿ ರಫ್ತು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ 1970ರ ದಶಕದಲ್ಲಿ ಚಿಪ್ಪಿನಿಂದ ಕೈಟೋಸಾನ್ ತೆಗೆಯುವ ವಿಧಾನವನ್ನು ರೂಪಿಸಿತು. ಚಿಪ್ಪನ್ನು ಸೌಮ್ಯ ಕ್ಷಾರದಲ್ಲಿ ಬೇಯಿಸಿದರೆ ಪ್ರೋಟೀನ್ ಬಿಡುತ್ತದೆ. ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಹಾಕಿದರೆ ಸುಣ್ಣದಂಶ ನೊರೆಯೆದ್ದು ಕರಗಿ, ಗಟ್ಟಿ ಸಿಪ್ಪೆ ಮೆತ್ತಗಾಗುತ್ತದೆ. ಉಳಿದ ಕೈಟಿನ್ ಅನ್ನು ಗಾಢ ಕಾಸ್ಟಿಕ್ ಸೋಡಾದಲ್ಲಿ ಕಾಯಿಸಿದರೆ ಕೈಟೋಸಾನ್ ಸಿಗುತ್ತದೆ.

ಸೂಕ್ಷ್ಮಾಣುರೋಧಕ ಗುಣದ ಅಧ್ಯಯನ ಬಲು ತಡವಾಗಿ ಶುರುವಾಯಿತು. ಶಿಲೀಂಧ್ರಗಳ ಮೇಲಿನ ಪರಿಣಾಮವನ್ನು ಆಲನ್ ಮತ್ತು ಹ್ಯಾಡ್ವಿಗರ್ 1979ರಲ್ಲಿ ವರದಿ ಮಾಡಿದರು. ಆಮ್ಲೀಯ ದ್ರಾವಣದಲ್ಲಿ ಕೈಟೋಸಾನ್‌ನ ಅಮೈನೋ ಗುಂಪುಗಳು ಧನ ವಿದ್ಯುದಂಶ ಪಡೆಯುತ್ತವೆ. ಬ್ಯಾಕ್ಟೀರಿಯಾದ ಹೊರಮೈಯಲ್ಲಿ ಋಣ ವಿದ್ಯುದಂಶ ಇರುತ್ತದೆ. ಎರಡೂ ಅಂಟಿಕೊಂಡಾಗ ಪೊರೆ ಕೆಟ್ಟು ಒಳಗಿನದು ಸೋರಿಹೋಗುತ್ತದೆ. ಪಿಎಚ್ 6.5 ದಾಟಿದರೆ ಈ ಬಲ ಕುಗ್ಗುತ್ತದೆ. ಪ್ರಯೋಗಾಲಯದ ಫಲಿತಾಂಶವನ್ನೇ ಹಿಡಿದು ಎಲ್ಲ ರೋಗಾಣುಗಳಿಗೂ ಮದ್ದೆಂದು ಹೊಗಳುವವರು ಇದನ್ನು ಮರೆಯುತ್ತಾರೆ. ರಕ್ತಸ್ರಾವ ತಡೆಯುವ ಕೈಟೋಸಾನ್ ಪಟ್ಟಿಗಳು ಮಾತ್ರ 2000ದ ದಶಕದಿಂದ ಯುದ್ಧಭೂಮಿಯಲ್ಲೂ ಬಳಕೆಯಾಗಿವೆ.

ವಿಚಿತ್ರವೆಂದರೆ, ಸೂಕ್ಷ್ಮಾಣುಗಳನ್ನು ತಡೆಯುವ ಈ ವಸ್ತುವಿನ ಮೂಲವಾದ ಸಿಪ್ಪೆ ಕೆಲವೇ ಗಂಟೆಗಳಲ್ಲಿ ನಾರುತ್ತದೆ. ಸುಲಿದ ಕೂಡಲೇ ಐಸ್ ಹಾಕಬೇಕು ಇಲ್ಲವೇ ಒಣಗಿಸಬೇಕು. ಗಂಗೊಳ್ಳಿ ಬಂದರೂ ಪಂಚಗಂಗಾವಳಿಯ ಹಿನ್ನೀರಿನ ಸಿಗಡಿ ಕೆರೆಗಳೂ ಇರುವ ಕುಂದಾಪುರದ ಸೀಮೆಯಲ್ಲಿ ಕಚ್ಚಾವಸ್ತು ಹತ್ತಿರದಲ್ಲೇ ಸಿಗುತ್ತದೆ. ಆದರೆ ತಯಾರಿಕೆಯಲ್ಲಿ ಆಮ್ಲ, ಕ್ಷಾರ ಬೆರೆತ ತೊಳೆನೀರು ಧಾರಾಳವಾಗಿ ಹೊರಬರುತ್ತದೆ. ಅದನ್ನು ಸಂಸ್ಕರಿಸುವ ವ್ಯವಸ್ಥೆ ಇಲ್ಲದ ಕೈಟೋಸಾನ್ ಘಟಕ ಅಳಿವೆಯ ದಂಡೆಗೆ ತಕ್ಕುದಲ್ಲ.