ಹಾಡು ತಂದ ಹುಡುಗಿ, ಮುಖ ಕೇಳಿದ ಮಾರುಕಟ್ಟೆ

1962ರ ಅಕ್ಟೋಬರ್ 28, ಭಾನುವಾರ. ರಾಷ್ಟ್ರಾಧ್ಯಕ್ಷರನ್ನು ಜನರೇ ನೇರವಾಗಿ ಆರಿಸಬೇಕೇ ಎಂಬ ಪ್ರಶ್ನೆಯ ಮೇಲೆ ದಗಾಲ್ ಸರ್ಕಾರ ಅಂದು ಫ್ರಾನ್ಸಿನಲ್ಲಿ ಜನಮತ ಕೇಳಿತ್ತು. ರಾತ್ರಿ ಜನ ಟಿ.ವಿ. ಮುಂದೆ ಫಲಿತಾಂಶಕ್ಕೆ ಕಾದು ಕೂತಿದ್ದರು. ಆಗ ಆ ದೇಶದಲ್ಲಿ ಇದ್ದದ್ದು ಒಂದೇ ಚಾನೆಲ್. ಮತ ಎಣಿಕೆಯ ಸುದ್ದಿಯ ನಡುವೆ ಸಿಕ್ಕ ಬಿಡುವಿನಲ್ಲಿ ಹದಿನೆಂಟರ ಹುಡುಗಿಯೊಬ್ಬಳು ಬಂದು ಒಂದು ಹಾಡು ಹಾಡಿದಳು. ಓರಗೆಯವರೆಲ್ಲ ಜೋಡಿಯಾಗಿ ಓಡಾಡುವಾಗ ತಾನೊಬ್ಬಳೇ ಉಳಿದೆನೆಂಬ ಒಂಟಿತನದ ಹಾಡು ಅದು. ಅಬ್ಬರವಿಲ್ಲ, ಕುಣಿತವಿಲ್ಲ, ಎತ್ತರದ ದನಿಯೂ ಇಲ್ಲ. ಆ ವರ್ಷ ಮುಗಿಯುವಷ್ಟರಲ್ಲಿ ಫ್ರಾಂಸ್ವಾಜ್ ಆರ್ದಿ ಎಂಬ ಹೆಸರು ಫ್ರಾನ್ಸಿನ ಮನೆಮಾತಾಗಿತ್ತು. ‘ತು ಲೆ ಗಾರ್ಸೋ ಎ ಲೆ ಫಿಯ್’ ಎಂಬ ಆ ಹಾಡಿನ ಪ್ಲೇಟು ಮುಂದೆ ಹತ್ತು ಲಕ್ಷ ದಾಟಿ ಮಾರಾಟವಾಯಿತು.

ಮೈಸೂರಿನಲ್ಲಿ ಗಿಟಾರ್ ಪಾಠ ಹೇಳುವುದು ನನ್ನ ಕಸುಬು. ಹದಿನೈದು ಹದಿನಾರರ ಹುಡುಗಿಯರು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ತಾವೇ ಕಟ್ಟಿದ ಹಾಡು ಬರೆದು ತಂದು, ಕೇಳಿ ಮಿಸ್ ಅನ್ನುತ್ತಾರೆ. ಅವರಿಗೆಲ್ಲ ನಾನು ಆರ್ದಿಯ ಕಥೆ ಹೇಳುತ್ತೇನೆ. ಪಾಪ್ ಸಂಗೀತದ ಚರಿತ್ರೆಯಲ್ಲಿ ಆಕೆಯನ್ನು ನೆನೆಯುವವರು ಹೆಚ್ಚಾಗಿ ನೆನೆಯುವುದು ಫೋಟೋಗಳನ್ನು: ಹಣೆ ಮುಚ್ಚಿದ ಕೂದಲು, ನೀಳ ಮೈಕಟ್ಟು, ಅರವತ್ತರ ದಶಕದ ಉಡುಪುಗಳು. ಆ ನೆನಪು ಅರ್ಧದ್ದು. ಉಳಿದರ್ಧ ಆಕೆ ಬರೆದದ್ದು.

ಆರ್ದಿ ಹುಟ್ಟಿದ್ದು 1944ರ ಜನವರಿ 17ರಂದು, ಜರ್ಮನ್ ಸೇನೆಯ ಹಿಡಿತದಲ್ಲಿದ್ದ ಪ್ಯಾರಿಸ್ಸಿನಲ್ಲಿ. ತಾಯಿ ಲೆಕ್ಕಪತ್ರ ನೋಡುವ ಸಣ್ಣ ನೌಕರಿಯಲ್ಲಿದ್ದಳು. ತಂದೆಗೆ ಬೇರೆಯೇ ಸಂಸಾರವಿತ್ತು, ಈ ಮನೆಗೆ ಬರುತ್ತಿದ್ದದ್ದೇ ಅಪರೂಪ. ದೋಮಾಲ್ ಬೀದಿಯ ಪುಟ್ಟ ಮನೆಯಲ್ಲಿ ತಾಯಿ ಇಬ್ಬರು ಹೆಣ್ಣುಮಕ್ಕಳನ್ನು ಒಬ್ಬಳೇ ಸಾಕಿದಳು. ನೀನು ನೋಡಲು ಚೆನ್ನಾಗಿಲ್ಲ ಎಂದು ಅಜ್ಜಿ ಹೀಗಳೆಯುತ್ತಿದ್ದಳಂತೆ. ಮುಂದೆ ಜಗತ್ತೆಲ್ಲ ಯಾರ ರೂಪವನ್ನು ಕೊಂಡಾಡಿತೋ ಆಕೆ ಬೆಳೆದದ್ದು ತಾನು ಕುರೂಪಿ ಎಂಬ ನಂಬಿಕೆಯಲ್ಲಿ. ರಾತ್ರಿ ಹೊತ್ತು ರೇಡಿಯೋ ಲಕ್ಸೆಂಬರ್ಗ್ ಹಾಕಿ ಎವರ್ಲಿ ಬ್ರದರ್ಸ್, ಕ್ಲಿಫ್ ರಿಚರ್ಡ್ ಇವರನ್ನೆಲ್ಲ ಕೇಳುವುದೇ ಆಕೆಗಿದ್ದ ಸುಖ.

1960ರಲ್ಲಿ ಶಾಲೆಯ ಕೊನೆಯ ಪರೀಕ್ಷೆ ಪಾಸಾದಾಗ ಉಡುಗೊರೆ ಏನು ಬೇಕೆಂಬ ಮಾತು ಬಂತು. ಟ್ರಾನ್ಸಿಸ್ಟರ್ ಕೇಳಲೋ ಗಿಟಾರ್ ಕೇಳಲೋ ಎಂದು ತೂಗಿ ನೋಡಿದ ಹುಡುಗಿ ಗಿಟಾರ್ ಕೇಳಿದಳು. ಮೂರು ಕಾರ್ಡ್‌ಗಳನ್ನು ಹಿಡಿಯಲು ಬಂದದ್ದೇ ತಡ, ಹಾಡು ಕಟ್ಟಲು ಶುರು. ನನ್ನ ಶಿಷ್ಯೆಯರಿಗೆ ಇಲ್ಲಿ ಒಂದು ಮಾತು ಒತ್ತಿ ಹೇಳುತ್ತೇನೆ: ಬೆರಳು ಪಳಗಿದ ಮೇಲೆ ಬರೆಯೋಣ ಎಂದು ಆಕೆ ಕಾಯಲಿಲ್ಲ. ಗೊತ್ತಿದ್ದ ಮೂರರಲ್ಲೇ ಬರೆದಳು. ಆ ಹಾಡುಗಳ ನೇರ ನಡೆಗೆ ಅದೂ ಒಂದು ಕಾರಣ.

ಒಂದು ಕಂಪನಿ ಬೇಡವೆಂದ ಮೇಲೆ, 1961ರ ನವೆಂಬರಿನಲ್ಲಿ ವೋಗ್ ಎಂಬ ರೆಕಾರ್ಡ್ ಕಂಪನಿ ಆಕೆಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಜಾನಿ ಹ್ಯಾಲಿಡೇ ಎಂಬ ರಾಕ್ ಗಾಯಕನಿಗೆ ಸರಿಸಾಟಿಯಾಗುವ ಹುಡುಗಿಯೊಬ್ಬಳು ಆ ಕಂಪನಿಗೆ ಬೇಕಾಗಿತ್ತು. ಆರ್ದಿಗೆ ಆಗ ಹದಿನೇಳು. ಫ್ರಾನ್ಸಿನಲ್ಲಿ ಪ್ರಾಪ್ತ ವಯಸ್ಸು 21 ಇದ್ದ ಕಾಲ. ಮದುವೆಯಾದ ಹೆಂಗಸು ಗಂಡನ ಒಪ್ಪಿಗೆಯಿಲ್ಲದೆ ಬ್ಯಾಂಕಿನಲ್ಲಿ ಖಾತೆ ತೆರೆಯಲು ಕಾನೂನು ದಾರಿ ಬಿಟ್ಟದ್ದೇ 1965ರಲ್ಲಿ. ಹುಡುಗಿಯೊಬ್ಬಳು ತನ್ನ ಹಾಡು ತನ್ನದೆಂದು ಹೇಳಿಕೊಳ್ಳುವುದು ಆ ಹೊತ್ತಿನಲ್ಲಿ ಎಷ್ಟು ದೊಡ್ಡ ಮಾತು ಎಂಬುದನ್ನು ಇದರಿಂದ ಅಳೆಯಬೇಕು.

ಆಗ ಫ್ರೆಂಚ್ ಮಾರುಕಟ್ಟೆಯಲ್ಲಿ ಓಡುತ್ತಿದ್ದದ್ದು ನಾಲ್ಕು ಹಾಡಿನ ಸಣ್ಣ ಪ್ಲೇಟು. ಆರ್ದಿಯ ಮೊದಲ ಪ್ಲೇಟಿನಲ್ಲಿ ಕಂಪನಿ ಮುಂದೆ ಮಾಡಿದ್ದು ‘ಓ ಓ ಶೆರಿ’ ಎಂಬ ಹಾಡನ್ನು. ಅದು ಅಮೆರಿಕದ ಹಾಡಿನ ಫ್ರೆಂಚ್ ರೂಪ, ವೃತ್ತಿನಿರತರು ಬರೆದುಕೊಟ್ಟದ್ದು. ಉಳಿದ ಮೂರು ಆಕೆಯವು. ಜನ ಕೈಬಿಟ್ಟದ್ದು ಕಂಪನಿಯ ಆಯ್ಕೆಯನ್ನು, ಹಿಡಿದದ್ದು ಹುಡುಗಿಯ ಒಂಟಿತನದ ಹಾಡನ್ನು. ಆದರೂ ಆ ಹಾಡಿನ ರಾಗದ ಕೆಳಗೆ ಆಕೆಯ ಹೆಸರಿನ ಜೊತೆ ವಾದ್ಯಸಂಯೋಜಕ ರೋಜೆ ಸಾಮಿನ್ ಹೆಸರೂ ಇದೆ.

ಇದು ‘ಯೆ ಯೆ’ ಸಂಗೀತದ ಕಾಲ. 1959ರಲ್ಲಿ ಶುರುವಾದ ‘ಸಾಲ್ಯು ಲೆ ಕೊಪೆನ್’ ಎಂಬ ರೇಡಿಯೋ ಕಾರ್ಯಕ್ರಮ ಹದಿಹರೆಯದವರನ್ನು ಸಂಜೆ ಶಾಲೆ ಬಿಟ್ಟೊಡನೆ ಸೆಳೆಯುತ್ತಿತ್ತು. 1962ರಲ್ಲಿ ಅದೇ ಹೆಸರಿನ ಮಾಸಪತ್ರಿಕೆ ಬಂತು. 1963ರ ಜೂನ್ 22ರಂದು ಪ್ಯಾರಿಸ್ಸಿನ ನಾಸಿಯೋ ಚೌಕದಲ್ಲಿ ಆ ಪತ್ರಿಕೆಯ ವರ್ಷಾಚರಣೆಗೆ ಲಕ್ಷಕ್ಕೂ ಮೀರಿ ಹುಡುಗ ಹುಡುಗಿಯರು ಸೇರಿದಾಗ ದೊಡ್ಡವರು ಬೆಚ್ಚಿದರು. ಸಮಾಜಶಾಸ್ತ್ರಜ್ಞ ಎಡ್ಗರ್ ಮೊರೆನ್ ‘ಲ ಮೋಂದ್’ ಪತ್ರಿಕೆಯಲ್ಲಿ ಬರೆದು ಆ ಪೀಳಿಗೆಗೆ ‘ಯೆ ಯೆ’ ಎಂಬ ಹೆಸರನ್ನು ಅಂಟಿಸಿದ್ದು ಆಗಲೇ.

ಆ ವ್ಯಾಪಾರದಲ್ಲಿ ಹುಡುಗಿಯರ ಪಾಲಿಗೆ ಬರುತ್ತಿದ್ದದ್ದು ಹಾಡುವುದಷ್ಟೇ. ಬರೆಯುವವರು ಬಹುಪಾಲು ಗಂಡಸರು. ಫ್ರಾನ್ಸ್ ಗಾಲ್ ಎಂಬ ಗಾಯಕಿ 1966ರಲ್ಲಿ, ಇನ್ನೂ ಹದಿನೆಂಟರ ಹುಡುಗಿ, ಸೆರ್ಜ್ ಗೇನ್ಸ್‌ಬೂರ್ ಬರೆದ ಹಾಡೊಂದನ್ನು ಅದರ ದ್ವಂದ್ವಾರ್ಥ ತಿಳಿಯದೆ ಹಾಡಿ, ಆಮೇಲೆ ತಿಳಿದು ನೊಂದುಕೊಂಡಳು. ಆರ್ದಿ ತನ್ನ ಮಾತನ್ನು ತಾನೇ ಬರೆಯುತ್ತಿದ್ದದ್ದು ಎಂಥ ರಕ್ಷೆ ಎಂದು ಈ ಪ್ರಸಂಗ ಓದಿದಾಗೆಲ್ಲ ಅನ್ನಿಸುತ್ತದೆ. 1963ರ ಯೂರೋವಿಷನ್ ಸ್ಪರ್ಧೆಗೆ ಮೊನಾಕೊ ಪರವಾಗಿ ಹೋದಾಗಲೂ ಆಕೆ ಹಾಡಿದ್ದು ಸ್ವಂತ ಹಾಡನ್ನೇ. ಸಿಕ್ಕಿದ್ದು ಐದನೇ ಸ್ಥಾನ.

ಮುಖದ ವ್ಯಾಪಾರವೂ ಜೊತೆಜೊತೆಗೇ ಶುರುವಾಗಿತ್ತು. ‘ಸಾಲ್ಯು ಲೆ ಕೊಪೆನ್’ ಪತ್ರಿಕೆಯ ಛಾಯಾಗ್ರಾಹಕ ಜಾನ್ ಮರಿ ಪೆರಿಯೆ ಆಕೆಯ ಚಿತ್ರಗಳನ್ನು ತೆಗೆದ, ಸಂಗಾತಿಯೂ ಆದ, ಫ್ಯಾಷನ್ ಲೋಕಕ್ಕೆ ಕರೆದೊಯ್ದ. ವಸ್ತ್ರವಿನ್ಯಾಸಕ ಕುರೆಜ್ ಬಿಳಿಯ ಉಡುಪು ತೊಡಿಸಿದ. ಇನ್ನೊಬ್ಬ ವಿನ್ಯಾಸಕ ಪಾಕೊ ರಬಾನ್ 1968ರಲ್ಲಿ ಚಿನ್ನದ ಚಿಕ್ಕ ಚಿಕ್ಕ ತಗಡುಗಳನ್ನು ಕೊಂಡಿಯಿಂದ ಜೋಡಿಸಿ, ವಜ್ರ ಕೂರಿಸಿ ಮೊಣಕಾಲಿನ ಮೇಲೇ ನಿಲ್ಲುವ ಅಂಗಿಯೊಂದನ್ನು ಮಾಡಿದ. ತೂಕ ಸುಮಾರು ಒಂಬತ್ತು ಕಿಲೋ. ಆ ಚಿತ್ರ ಇಂದಿಗೂ ಫ್ಯಾಷನ್ ಪುಸ್ತಕಗಳಲ್ಲಿ ಅಚ್ಚಾಗುತ್ತದೆ. ಅದನ್ನು ತೊಟ್ಟು ನಿಲ್ಲುವುದು ಆಕೆಗೆ ಸುಖದ ಕೆಲಸವಾಗಿರಲಿಲ್ಲ. ಬಾಬ್ ಡಿಲನ್ ಕೂಡ ಆಕೆಯನ್ನು ಕಾಣುವ ಮೊದಲೇ 1964ರ ತನ್ನ ಆಲ್ಬಮ್ಮಿನ ಹೊದಿಕೆಯಲ್ಲಿ ಆಕೆಯ ಹೆಸರಿಗೆ ಕವಿತೆ ಬರೆದಿದ್ದ. 1966ರ ಮೇ 24ರಂದು ಪ್ಯಾರಿಸ್ಸಿನ ಒಲಿಂಪಿಯಾ ಸಭಾಂಗಣದಲ್ಲಿ ಹಾಡುತ್ತಿದ್ದಾಗ, ಆಕೆ ಬಂದು ನೋಡದಿದ್ದರೆ ಉತ್ತರಾರ್ಧ ಹಾಡುವುದಿಲ್ಲ ಎಂದು ಹಟ ಹಿಡಿದ.

ಇಷ್ಟೆಲ್ಲ ಬೆಳಕಿನ ನಡುವೆ ಆರ್ದಿ ತನ್ನ ದಾರಿಯನ್ನು ಮೆಲ್ಲಗೆ ತಿರುಗಿಸಿಕೊಂಡಳು. ಧ್ವನಿಮುದ್ರಣ ಚೆನ್ನಾಗಿಲ್ಲವೆನಿಸಿ ಲಂಡನ್ನಿನ ಸ್ಟುಡಿಯೋಗಳಿಗೆ ಹೋದಳು. ವೇದಿಕೆಯೆಂದರೆ ಕೈಕಾಲು ನಡುಗುತ್ತಿದ್ದ ಆಕೆ 1968ರಲ್ಲಿ, ಕೀರ್ತಿ ತುತ್ತತುದಿಯಲ್ಲಿದ್ದಾಗ, ಕಛೇರಿ ಕೊಡುವುದನ್ನೇ ಬಿಟ್ಟಳು. ತನ್ನದೇ ನಿರ್ಮಾಣ ಸಂಸ್ಥೆ ಕಟ್ಟಿ ಹಾಡುಗಳ ಮೇಲಿನ ಹಿಡಿತವನ್ನು ಕೈಗೆ ತೆಗೆದುಕೊಂಡಳು. 1971ರಲ್ಲಿ ಟೂಕಾ ಎಂಬ ಬ್ರೆಜಿಲ್ ದೇಶದ ಗಿಟಾರ್ ವಾದಕಿಯ ಜೊತೆ ಕೂತು ‘ಲಾ ಕೆಸ್ತಿಯೋ’ ಆಲ್ಬಮ್ ಮಾಡಿದಳು. ಡ್ರಮ್ಮಿನ ಅಬ್ಬರವಿಲ್ಲ. ನೈಲಾನ್ ತಂತಿಯ ಗಿಟಾರ್, ಹಿಂದೆ ಪಿಟೀಲುಗಳು, ಮೈಕಿಗೆ ತುಟಿ ತಾಗುವಷ್ಟು ಹತ್ತಿರದ ಉಸಿರು. ಪದ ಮುಗಿದ ಮೇಲೂ ಉಸಿರು ಒಂದು ಗಳಿಗೆ ಉಳಿಯುವುದು ಕೇಳಿಸುತ್ತದೆ. ಆಗ ಅದು ಹೆಚ್ಚು ಮಾರಾಟವಾಗಲಿಲ್ಲ. ಈಗ ಬಲ್ಲವರು ಅದನ್ನೇ ಆಕೆಯ ಶ್ರೇಷ್ಠ ಕೃತಿ ಎನ್ನುತ್ತಾರೆ. ನನ್ನ ತೀರ್ಮಾನವೂ ಅದೇ.

ಬರವಣಿಗೆ ಕೊನೆಯವರೆಗೂ ನಿಲ್ಲಲಿಲ್ಲ. 1990ರಲ್ಲಿ ಜೂಲಿಯೆನ್ ಕ್ಲೇರ್ ಎಂಬ ಜನಪ್ರಿಯ ಗಾಯಕನಿಗೆ ‘ಫೆ ಮ್ವಾ ಯುನ್ ಪ್ಲಾಸ್’ ಹಾಡಿನ ಸಾಹಿತ್ಯ ಬರೆದುಕೊಟ್ಟಳು. ಗಂಡಸರು ಬರೆದದ್ದನ್ನು ಹುಡುಗಿಯರು ಹಾಡುತ್ತಿದ್ದ ಕಾಲದಿಂದ ಬಂದವಳ ಮಾತನ್ನು ಗಂಡಸೊಬ್ಬ ಹಾಡಿದ. 2004ರಿಂದ ಕ್ಯಾನ್ಸರಿನೊಂದಿಗೆ ಸೆಣಸಿದರೂ 2018ರಲ್ಲಿ ಕೊನೆಯ ಆಲ್ಬಮ್ ಹೊರತಂದಳು. 2024ರ ಜೂನ್ 11ರಂದು, ಎಂಬತ್ತರ ವಯಸ್ಸಿನಲ್ಲಿ ತೀರಿಕೊಂಡಳು.

ಇಂದಿನ ಮಾರುಕಟ್ಟೆಯೂ ಹಾಡುವ ಹುಡುಗಿಯನ್ನು ಮೊದಲು ಕೇಳುವುದು ಮುಖವನ್ನೇ. ಮೊಬೈಲ್ ಕ್ಯಾಮೆರಾ ಬಂದ ಮೇಲೆ ಅದು ಹೆಚ್ಚಾಗಿದೆ. ಹೆಣ್ಣುಮಕ್ಕಳ ಅಪ್ಪ ಅಮ್ಮಂದಿರಲ್ಲಿ, ನನ್ನಂಥ ಮೇಷ್ಟರು ಮೇಡಮ್ಮುಗಳಲ್ಲಿ ನನ್ನದೊಂದು ಕೋರಿಕೆ: ನಿಮ್ಮ ಹುಡುಗಿ ಹಾಡು ಬರೆದು ತಂದರೆ ವಿಡಿಯೋ ಯಾವಾಗ ಮಾಡುತ್ತೀ ಎಂದು ಕೇಳಬೇಡಿ. ಕೂತು ಪೂರ್ತಿ ಹಾಡನ್ನು ಕೇಳಿ, ಹಾಳೆಯ ಕೆಳಗೆ ಅವಳ ಹೆಸರನ್ನೂ ತಾರೀಖನ್ನೂ ಅವಳ ಕೈಯಲ್ಲೇ ಬರೆಸಿ.