ಲಂಗದ ಸದ್ದು

ಓದೋದಕ್ಕೆ ಬಿಡುವು ಬೇಕು ಅಂತಾರೆ. ಬಿಡುವು ಯಾರಪ್ಪನ ಆಸ್ತಿ? ಕ್ಯಾಲಿಫೋರ್ನಿಯಾದ ಕ್ಲಾರಾ ಫೋಲ್ಟ್ಸ್ ಎಂಬ ಹೆಣ್ಣುಮಗಳಿಗೆ ಅದು ಇರಲಿಲ್ಲ. ಗಂಡ ಬಿಟ್ಟುಹೋದ, ಮಕ್ಕಳು ಐದು. ಭಾಷಣ ಮಾಡಿ ಬಂದ ದುಡ್ಡಲ್ಲಿ ಅವರ ಹೊಟ್ಟೆ ಹೊರೆಯುತ್ತ, ವಕೀಲರ ಕಚೇರಿಯಲ್ಲಿ ಕಾನೂನು ಕಲಿತಳು.

ಕಲಿತರೆ ಆಯಿತೆ? ವಕೀಲನಾಗಲು 'ಬಿಳಿಯ ಗಂಡಸು' ಆಗಿರಬೇಕೆಂದು ಅಲ್ಲಿನ ಶಾಸನವೇ ಹೇಳುತ್ತಿತ್ತು. ಆಕೆ ತಾನೇ ತಿದ್ದುಪಡಿ ಬರೆದು, ಶಾಸನಸಭೆಯಲ್ಲಿ ಹೋರಾಡಿ, 1878ರಲ್ಲಿ 'ಗಂಡಸು' ಜೊತೆಗೆ 'ಬಿಳಿಯ' ಎಂಬ ಮಾತನ್ನೂ ಅಳಿಸಿಹಾಕಿಸಿದಳು. ಅದೇ ವರ್ಷ ವಕೀಲಳಾದಳು.

ಇನ್ನೂ ಓದಬೇಕೆಂದು 1879ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಹೇಸ್ಟಿಂಗ್ಸ್ ಕಾನೂನು ಕಾಲೇಜಿಗೆ ಹೋದರೆ, ಲಂಗದ ಸರಪರ ಸದ್ದಿಗೆ ಹುಡುಗರ ಗಮನ ಕೆಡುತ್ತದೆ ಅಂತ ಹೊರಗೆ ಹಾಕಿದರು! ದಾವೆ ಹೂಡಿದಳು, ತಾನೇ ವಾದಿಸಿದಳು, ರಾಜ್ಯದ ಸುಪ್ರೀಂ ಕೋರ್ಟಿನವರೆಗೂ ಹೋಗಿ ಗೆದ್ದಳು. ಗೆಲ್ಲುವಷ್ಟರಲ್ಲಿ ಓದಲು ದುಡ್ಡೂ ಇಲ್ಲ, ಹೊತ್ತೂ ಇಲ್ಲ. ಬಾಗಿಲು ತೆರೆದದ್ದು ಮುಂದಿನ ಹೆಣ್ಣುಮಕ್ಕಳಿಗೆ.

ಅದೇ 1879ರ ರಾಜ್ಯ ಸಂವಿಧಾನ, ಹೆಣ್ಣೆಂಬ ಕಾರಣಕ್ಕೆ ಯಾವ ಕಸುಬನ್ನೂ ತಡೆಯಕೂಡದು ಎಂದಿತು. ಕಂಪನಿಗಳು ಚೀನೀಯರಿಗೆ ಕೆಲಸ ಕೊಡಕೂಡದು ಅಂತಲೂ ಬರೆಯಿತು! ಒಬ್ಬರಿಗೆ ಕೊಟ್ಟದ್ದನ್ನು ತೋರಿಸಿ ಇನ್ನೊಬ್ಬರಿಂದ ಕಿತ್ತುಕೊಳ್ಳೋದು ಉಳ್ಳವರ ಹಳೇ ಲೆಕ್ಕ.

1934ರಲ್ಲಿ ತೀರಿಕೊಂಡ ಕ್ಲಾರಾಗೆ ಅದೇ ಕಾಲೇಜು 1991ರಲ್ಲಿ ಪದವಿ ಕೊಟ್ಟಿತು. ಸತ್ತವರಿಗೆ ಪದವಿ ಕೊಡೋದು ಸಲೀಸು. ಅವರ ಮಕ್ಕಳಿಗೆ ಅನ್ನ ಹಾಕಬೇಕಿಲ್ಲ. ದುಡಿಯುವ ತಾಯಿ ಕೂತು ಓದುವಷ್ಟು ಹೊತ್ತು, ಅವಳ ಮಕ್ಕಳಿಗೆ ಒಂದು ತುತ್ತು—ಇವೆರಡೂ ಇಲ್ಲದ ಪ್ರವೇಶದ ಹಕ್ಕು ಬರೀ ಕಾಗದದ ಹಕ್ಕು.