ಮಡಿಚಿದ ಕಿವಿಯ ಬೆಕ್ಕು

ನಮ್ಮ ಕಡೆ ಬೆಕ್ಕಿನ ಕುಲಗೋತ್ರ ವಿಚಾರಿಸುವವರು ಕಡಿಮೆ. ಇಲಿ ಹಿಡಿದರೆ ಸರಿ, ಹಾಲಿನ ಪಾತ್ರೆಗೆ ಬಾಯಿ ಹಾಕದಿದ್ದರೆ ಇನ್ನೂ ಸರಿ. ಬ್ರಿಟನ್ನಿನಲ್ಲಿ ಹಾಗಲ್ಲ. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಬೆಕ್ಕುಗಳ ದೊಡ್ಡ ಪ್ರದರ್ಶನ ನಡೆದ ಮೇಲೆ ಅಲ್ಲಿ ಬೆಕ್ಕಿಗೂ ವಂಶಾವಳಿ, ನೋಂದಣಿ, ಬಹುಮಾನ ಎಲ್ಲ ಬಂದವು.

1961ರಲ್ಲಿ ಸ್ಕಾಟ್ಲೆಂಡಿನ ಕೂಪರ್ ಆಂಗಸ್ ಎಂಬ ಊರಿನ ಹತ್ತಿರದ ಹೊಲಮನೆಯೊಂದರಲ್ಲಿ ವಿಲಿಯಂ ರಾಸ್ ಎಂಬ ಕುರಿಗಾಹಿ ಒಂದು ಬಿಳಿ ಬೆಕ್ಕನ್ನು ಕಂಡ. ಅದರ ಕಿವಿಗಳು ನೆಟ್ಟಗೆ ನಿಲ್ಲದೆ ಮುಂದಕ್ಕೆ ಮಡಿಚಿಕೊಂಡಿದ್ದವು. ಸೂಸಿ ಎಂದು ಅದರ ಹೆಸರು. ಅದರ ಮರಿಗಳಲ್ಲೂ ಅಂಥವೇ ಕಿವಿ ಕಾಣಿಸಿಕೊಂಡಾಗ ರಾಸ್ ದಂಪತಿಗಳು ಒಂದನ್ನು ತಂದು ಸಾಕಿದರು. ಇವತ್ತು ಲೋಕದಲ್ಲಿರುವ ಸ್ಕಾಟಿಷ್ ಫೋಲ್ಡ್ ತಳಿಗೆ ಆ ಸೂಸಿಯೇ ಮೂಲಮಾತೆ. ಗೂಬೆಯಂಥ ದುಂಡು ಮುಖ, ಅಗಲ ಕಣ್ಣು. ನೋಡಿದವರು ಮರುಳಾದದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಆ ಕಿವಿ ಮಡಿಚುವುದೇಕೆ? ನಮ್ಮ ಕಿವಿಯನ್ನು ಮುಟ್ಟಿದರೆ ಸಿಗುವ ಮೆತ್ತನೆಯ ಎಲುಬಿದೆಯಲ್ಲ, ಮೃದ್ವಸ್ಥಿ, ಅದು ಈ ಬೆಕ್ಕುಗಳಲ್ಲಿ ಸರಿಯಾಗಿ ಬೆಳೆಯುವುದಿಲ್ಲ. ಮೃದ್ವಸ್ಥಿ ಕಿವಿಯಲ್ಲಿ ಮಾತ್ರ ಇರುವುದೇ? ಕೀಲುಕೀಲಿನಲ್ಲೂ ಇದೆ. ಬಾಲ ಸೆಟೆಯುತ್ತದೆ, ಹಿಂಗಾಲಿನ ಕೀಲುಗಳಲ್ಲಿ ಎಲುಬು ಗಂಟುಗಟ್ಟುತ್ತದೆ, ಹಾರಬೇಕಾದ ಬೆಕ್ಕು ಕುಂಟುತ್ತದೆ. ಕಾಲು ಚಾಚಿ ಮನುಷ್ಯರಂತೆ ಕೂರುವ ಅದರ ಭಂಗಿಯನ್ನು ಬುದ್ಧನ ಭಂಗಿ ಎಂದು ಮೆಚ್ಚಿ ಫೋಟೋ ತೆಗೆಯುವವರಿದ್ದಾರೆ. ಕೀಲುನೋವಿಗೆ ಹಾಗೆ ಕೂತಿರಬಹುದು ಎಂದು ಯಾರಿಗೂ ಹೊಳೆಯುವುದಿಲ್ಲ. ಬೆಕ್ಕೋ, ನೋವನ್ನು ಮುಚ್ಚಿಡುವುದರಲ್ಲಿ ನಮ್ಮ ಹಳೆಯ ಕಾಲದ ಸೊಸೆಯಂದಿರನ್ನೂ ಮೀರಿಸುತ್ತದೆ. ಇದಕ್ಕೆ ಕಾರಣವಾದ ವಂಶವಾಹಿಯನ್ನು 2016ರಲ್ಲಿ ಗುರುತಿಸಿದರು. ಅದೇ ಸೂಲಿನಲ್ಲಿ ಹುಟ್ಟಿದ ನೆಟ್ಟಗಿವಿಯ ಮರಿಗೆ ಈ ಕಾಯಿಲೆ ಇಲ್ಲ. ಅದರ ಬೆಲೆ ಮಾತ್ರ ಕಡಿಮೆ!

ಬ್ರಿಟನ್ನಿನ ಬೆಕ್ಕು ಸಂಘ 1970ರ ದಶಕದ ಆರಂಭದಲ್ಲೇ ಈ ತಳಿಯ ನೋಂದಣಿ ನಿಲ್ಲಿಸಿತು. ಅದರಿಂದ ಆದದ್ದೇನು? ಬೆಕ್ಕು ಅಷ್ಟರಲ್ಲಿ ಅಮೆರಿಕಕ್ಕೆ ಹೋಗಿತ್ತು, 1978ರ ಹೊತ್ತಿಗೆ ಅಲ್ಲಿನ ದೊಡ್ಡ ಸಂಘದ ಪ್ರದರ್ಶನಗಳಲ್ಲಿ ಸ್ಪರ್ಧೆಗೂ ಇಳಿಯಿತು. ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ ಎನ್ನುತ್ತೇವೆ; ಇಲ್ಲಿ ಪ್ರಾಣಸಂಕಟ ಬೆಕ್ಕಿನದೇ.

ಸಂಘದ ಕಟ್ಟಳೆ ಸಾಲದು, ಕಾನೂನೇ ಬೇಕು ಎಂದು ಯೂರೋಪಿಗೆ ನಿಧಾನವಾಗಿ ಅರ್ಥವಾಯಿತು. ಮರಿಗಳು ನರಳುವುದು ಖಚಿತವಿದ್ದರೆ ಅಂಥ ತಳಿ ಬೆಳೆಸಕೂಡದು ಎಂದು ಜರ್ಮನಿ 1986ರಲ್ಲಿ ವಿಧಿಸಿತು. ಮರುವರ್ಷ ಸ್ಟ್ರಾಸ್‌ಬರ್ಗಿನಲ್ಲಿ ಆದ ಸಾಕುಪ್ರಾಣಿಗಳ ಒಪ್ಪಂದದಲ್ಲಿ ನನಗೆ ಹಿಡಿಸಿದ ಮಾತೆಂದರೆ, ತಳಿ ಬೆಳೆಸುವವನು ಮರಿಯ ಆರೋಗ್ಯವನ್ನಷ್ಟೇ ಅಲ್ಲ, ಹೆರುವ ತಾಯಿಯ ಆರೋಗ್ಯವನ್ನೂ ನೋಡಬೇಕು ಎಂದದ್ದು. ಬಾಣಂತಿಯ ಪರವಾಗಿ ಒಬ್ಬರಾದರೂ ಮಾತಾಡಿದರಲ್ಲ! ಬೆಲ್ಜಿಯಂನ ಫ್ಲಾಂಡರ್ಸ್ ಪ್ರಾಂತ 2021ರಲ್ಲಿ ಮಡಿಚಿದ ಕಿವಿಯ ಬೆಕ್ಕುಗಳ ತಳಿ ಬೆಳೆಸುವುದನ್ನೂ ಮಾರುವುದನ್ನೂ ನಿಷೇಧಿಸಿತು.

ನಮ್ಮಲ್ಲಿ ರುಕ್ಮಿಣೀದೇವಿ ಅರುಂಡೇಲ್ ಎಂದರೆ ಭರತನಾಟ್ಯವಷ್ಟೇ ನೆನಪಾಗುತ್ತದೆ. ರಾಜ್ಯಸಭೆಯಲ್ಲಿ ಅವರು ತಂದ ಖಾಸಗಿ ಮಸೂದೆಯ ಫಲವೇ 1960ರ ಪ್ರಾಣಿಹಿಂಸೆ ತಡೆ ಕಾಯಿದೆ. ಆ ಕಾಯಿದೆಯಡಿ 2017ರಲ್ಲಿ ನಾಯಿ ತಳಿ ಬೆಳೆಸುವವರಿಗೆ ನಿಯಮಗಳು ಬಂದವು. ಅವುಗಳಲ್ಲಿ ಬೆಕ್ಕಿನ ಮಾತಿಲ್ಲ.

ನೆದರ್‌ಲ್ಯಾಂಡ್ಸಿನ ನಿಯಮ ಇನ್ನೂ ಬಿಗಿ. 2026ರ ಜನವರಿ 1ರಿಂದ ಅಲ್ಲಿ ಇಂಥ ಬೆಕ್ಕನ್ನು ಸಾಕುವುದಕ್ಕೂ ನಿಷೇಧ. ಅದಕ್ಕೆ ಮೊದಲೇ ಹುಟ್ಟಿ, ಗುರುತಿನ ಚಿಪ್ ಹಾಕಿಸಿಕೊಂಡವು ಮಾತ್ರ ತಮ್ಮ ಮನೆಗಳಲ್ಲೇ ಕೊನೆಯವರೆಗೆ ಇರಬಹುದು.